ಬಲಗಡಿ ಕೆಳಮೂಲಿ

ಒಂಬತ್ತು ವರ್ಷ ಆ ಮೂಲಿಯೊಳಗ ಒಂದು ಸಾಲು ಕುಂತಿತ್ತು:
'ನಿಮ್ಮ ಈ ಪ್ರತಿ ಅಸಲಿ ಅಲ್ಲ.'

ಸೂಪರ್ ಮಾರ್ಕೆಟ್‌ನ್ಯಾಗ ಸೆಕೆಂಡ್‌ಹ್ಯಾಂಡ್ ಕೊಂಡ ದಿನ
ಅಂಗಡಿಯಂವ ಅಂದಿದ್ದ,
'ಅದೇನಿಲ್ಲ ಬಾಯಿ, ಲಕ್ಷ್ಯ ಕೊಡಬ್ಯಾಡ್ರಿ.'
ಕೊಡಲಿಲ್ಲ. ಮ್ಯಾಲೊಂದು ಟಿಕಳಿ ಹಚ್ಚಿದೆ.
ಟಿಕಳಿ ಸಣ್ಣದು, ಸಾಲು ಉದ್ದ.
ಮತ್ತೊಂದು. ಮತ್ತೊಂದು.
ಐದು ಮೆರೂನ್ ಟಿಕಳಿ ಸಾಲಾಗಿ,
ಬಚ್ಚಲ ಕನ್ನಡಿಗಿ ಹಚ್ಚಿದಂಗ.

ಅವುಗಳ ಎದುರೇ ಹೊಡೆದೆ ಓಣಿ ಮಂದಿಯ ಅರ್ಜಿ:
ನಳ ಬರವಲ್ದು,
ರೇಷನ್ ಕಾರ್ಡಿನ್ಯಾಗ ಸೊಸಿ ಹೆಸರಿಲ್ಲ,
ಗಂಡ ಸತ್ತದ್ದು ಹೌದು ಅನ್ನೋದಕ್ಕ ಪುರಾವೆ.
'ಮೇಲ್ಕಂಡ ವಿಷಯ ಸತ್ಯವಾಗಿರುತ್ತದೆ' ಅಂತ
ಕಡೀ ಸಾಲು ಹೊಡಿಯುವಾಗೆಲ್ಲ
ಟಿಕಳಿ ಹಿಂದಿನಿಂದ ಯಾರೋ ಕೆಮ್ಮಿದಂಗ.

ಈ ಬ್ಯಾಸಗಿಗಿ ಅದಕ್ಕ ಏಳೋದೇ ಕಷ್ಟ ಆತು.
ಬಟನ್ ಒತ್ತಿ ಒಲಿ ಮುಂದ ಹೋದರ
ಪರದೆ ನೀಲಿ ಆಗೋದ್ರಾಗ ಎಂಟು ರೊಟ್ಟಿ.
ಮೇ ತಿಂಗಳಿಗಿ ಹನ್ನೊಂದು.

ಎದುರುಮನಿ ತಬಸ್ಸುಮ್, ಪಾಲಿಟೆಕ್ನಿಕ್ ಎರಡನೇ ವರ್ಷ,
ಪೆನ್‌ಡ್ರೈವ್ ದುಪಟ್ಟಾದ ಚುಂಗಿನ್ಯಾಗ ಗಂಟು ಕಟಗೊಂಡು ಬಂದಳು.
'ಲಿನಕ್ಸ್ ಹಾಕಮು ಕಾಕೂ.'
'ರೊಕ್ಕ?'
'ಇಲ್ಲ.'
'ಮತ್ತ ಇದೂ ಕದ್ದದ್ದೇನು?'
'ಕದೀಲಿಕ್ಕೇ ಬರಲ್ಲ. ಬರೆದವರು ಎಲ್ಲಾರಿಗೂ ಕೊಟ್ಟಬಿಟ್ಟಾರ.'
ದಾಸೋಹದ ಪಂಗ್ತಿ ನೆನಪಾತು:
ಹುಗ್ಗಿ ನೀಡಾಂವ ನಿನ್ನ ಊರು ಕೇಳಲ್ಲ,
ಉಂಡು ಎದ್ದ ಮ್ಯಾಲ ಬ್ಯಾರೆ ಪಂಗ್ತಿಗಿ
ನೀನೂ ಸೌಟು ಹಿಡೀಬಹುದು.

ಸ್ಕ್ರೂ ಬಿಚ್ಚಿ ಬಗಲಿನ ತಗಡು ತಗದೆವು.
ಎರಿ ಮಣ್ಣಿನ ಧೂಳು, ಒಂದು ತೊಗರಿ ಬ್ಯಾಳಿ,
ಹಲ್ಲಿ ತತ್ತಿಯ ಎರಡು ಖಾಲಿ ಸಿಪ್ಪಿ.
ಇಷ್ಟು ದಿನ ಒಳಗೊಂದು ಸಂಸಾರ ನಡದದ.

'ಎಲ್ಲಾ ಅಳಸಲೇನು?' ಕೇಳಿತು.
ಅರ್ಜಿಗೋಳು ಪೆನ್‌ಡ್ರೈವಿನ್ಯಾಗ ಅವ, ಎರಡು ಸಲ ನೋಡೀನಿ.
ಆದರೂ ಬೆರಳು ಹೋಗವಲ್ದು.
ತಬಸ್ಸುಮ್ ಒತ್ತಿದಳು.
ಅರವತ್ತೆಂಟು ಪರ್ಸೆಂಟಿಗಿ ಕರೆಂಟ್ ಹೋತು.
ಮತ್ತ ಮೊದಲಿಂದ. ಆ ಸಲ ನಾನೇ ಒತ್ತಿದೆ.

ರಾತ್ರಿ ಹನ್ನೊಂದಕ್ಕ ಪರದೆ ಕೇಳಿತು:
'ನಿಮ್ಮ ಹೆಸರು?'
ಹಳೇದು ಕೇಳೇ ಇರಲಿಲ್ಲ.
ಅದರೊಳಗ ನಾನು ಒಂಬತ್ತು ವರ್ಷ
'ಪ್ರಿಯಾ ಕಂಪ್ಯೂಟರ್ಸ್' ಆಗಿದ್ದೆ.
ಸುಗಲಾಬಾಯಿ ಅಂತ ಹೊಡೆದೆ. ಒಪ್ಪಿಕೊಂಡಿತು.

ಫೈಲು ತಗದರ ಕನ್ನಡ ಇಲ್ಲ.
ಇಂಗ್ಲಿಷ್ ಅಕ್ಷರ, ತಲಿ ಮ್ಯಾಲ ಗೀಟು,
ನಡುನಡುವ ಪೌಂಡಿನ ಗುರುತು.
ತಬಸ್ಸುಮ್ ಮಾರಿ ಸಣ್ಣದಾತು: 'ಎಲ್ಲಾ ಹಾಳಾತೇನು ಕಾಕೂ?'

ಹಾಳಾಗಿಲ್ಲ. ಫಾಂಟ್ ಕೈಕೊಟ್ಟಾಗೆಲ್ಲ
ಈ ವೇಷ ನೋಡಿ ನನಗ ರೂಢಿ ಅದ.
ಪೌಂಡ್ ಅಂದ್ರ ನ. ಸಿ ಅಂದ್ರ ಅ.
ಗೀಟು ಹೊತ್ತ ಎ, ನಮ್ಮ ತಲಕಟ್ಟು.
ಕುರ್ಚಿ ಮುಂದಕ್ಕ ಎಳಕೊಂಡು
ಗಟ್ಟಿಯಾಗಿ ಓದಿದೆ, ತಡವರಿಸಿ,
ಒಂದನೇತ್ತಿ ಹುಡುಗಿಹಂಗ:
'ಚಾಂದಬೀ ಗಂಡ ಮಹಬೂಬಸಾಬ, ವಯಸ್ಸು ಅರವತ್ತೊಂದು,
ಆದ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,
ನಮ್ಮ ಓಣಿಗೆ ನಳ…'

'ನಮ್ಮ ದಾದಿ!' ಅಂದಳು ತಬಸ್ಸುಮ್.
ಸ್ವಲ್ಪ ಹೊತ್ತು ಇಬ್ಬರೂ ಸುಮ್ನ ಕುಂತೆವು.
'ನಳ ಬಂತಲ್ಲ?'
'ಬಂತು ಕಾಕೂ. ನೀರು ನಾಕು ದಿನಕ್ಕೊಮ್ಮಿ.'

ನಕ್ಕೆವು. ಆಮ್ಯಾಲ ಹೊಸ ಅಕ್ಷರದಾಗ
ಅದನ್ನೇ ಮೊದಲು ಹೊಡೆದೆ, ತಪ್ಪಿಲ್ಲದಂಗ,
'ಸತ್ಯವಾಗಿರುತ್ತದೆ' ತನಕ.
ಯಾರೂ ಕೆಮ್ಮಲಿಲ್ಲ.

ಆಕಿ ಹೋದ ಮ್ಯಾಲ ಟಿಕಳಿ ಕಿತ್ತೆ.
ಗೋಂದು ಉಳಿದಿತ್ತು, ಕೊಬ್ಬರಿ ಎಣ್ಣಿ ಹಚ್ಚಿ ಒರಸಿದೆ.
ಈಗ ಅಲ್ಲಿ ಗಡಿಯಾರ ಅದ.
ಒಳಗಿನ ಸೆಲ್ ಸತ್ತದ, ಬಂದ್ ಮಾಡಿ ಚಾಲೂ ಮಾಡಿದರ
ಎರಡು ಸಾವಿರದ ಮೂರು, ಜನವರಿ ಒಂದು ಅಂತದ.

ಆಗ ಆ ಮೂಲಿ ಖರೇ ಹೇಳತಿತ್ತು, ಮುಚ್ಚಿದೆ.
ಈಗ ಸುಳ್ಳ ಹೇಳಲತ್ತದ, ಬಿಟ್ಟೀನಿ.
ಸೆಲ್‌ಗಿ ಇಪ್ಪತ್ತು ರೂಪಾಯಿ. ನಾಳಿಗಿ ನೋಡಮು.